ಯಾದಿಯ ಹೆಸರಿನಲ್ಲಿ ಬಂದ ಹುಳ

ನಾನು ಒಳ್ಳೆಯ ಮನುಷ್ಯನಲ್ಲ ಎಂದು ನನಗೆ ತಿಳಿದದ್ದು ಒಂದು ಇ-ಮೇಲಿನಿಂದ. ಅದಕ್ಕೂ ಮೊದಲು ಹೆಂಡತಿ ಹೇಳುತ್ತಿದ್ದಳು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಆಗ ಇಂಡಿಯಲ್ಲಿ ಒಂದು ಶಿಕ್ಷಣ ಸಂಸ್ಥೆಯ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದೆ. ಸಂಸ್ಥೆಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಒಂದೊಂದು ಹೈಸ್ಕೂಲು. ಯುಗಾದಿಯ ಹಿಂದೆಮುಂದೆ ವರ್ಗಾವಣೆಯ ಪಟ್ಟಿ ಹೊರಬೀಳುತ್ತಿತ್ತು. ನಮ್ಮ ಕಡೆ ಅದಕ್ಕೆ ಯಾದಿ ಎನ್ನುತ್ತಾರೆ. ಯಾದಿ ಬರುವ ತನಕ ನಾಲ್ಕೂ ಊರಿನ ಮಾಸ್ತರರಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆ ವರ್ಷ ನನ್ನನ್ನು ಮುದ್ದೇಬಿಹಾಳಕ್ಕೆ ಒಗೆಯುತ್ತಾರೆಂಬ ಸುದ್ದಿ ಹಬ್ಬಿ, ನನಗೂ ಅದೇ ಗತಿ ಬಂದಿತ್ತು.

ಕಚೇರಿಯಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ಅದರ ಮುಂದೆ ಕೂರುವವಳು ಸಾಲೋಟಗಿಯಿಂದ ಟಂಟಂ ರಿಕ್ಷಾ ಹಿಡಿದು ಬರುತ್ತಿದ್ದ ಹೆಣ್ಣುಮಗಳು. ಆರು ವರ್ಷದಿಂದ ಹಂಗಾಮಿ ನೌಕರಿ. ಆ ಯುಗಾದಿಗೆ ಕಾಯಂ ಆಗುವವಳಿದ್ದಳು. ಅವಳ ಕಡತ ಅಧ್ಯಕ್ಷರ ಮೇಜಿನ ಮೇಲಿತ್ತು. ಕೆಲಸದಲ್ಲಿ ನನಗಿಂತ ಚುರುಕು. ಅದೇ ನನಗೆ ಮೈಯುರಿ.

ಒಂದು ದಿನ ನಮ್ಮನ್ನೆಲ್ಲ ಕರೆದು ಹೇಳಿದಳು: “ಇ-ಮೇಲ್ ಜೋಡಿ ಬರೋ ಫೈಲ್ ಸುಮ್ಮಸುಮ್ಮನ ಒತ್ತಬ್ಯಾಡ್ರಿ. ಹೆಸರಿನ ಕೊನಿಗೆ ಜೆಎಸ್ ಅಂತ ಇತ್ತಂದ್ರ ಅದು ಪತ್ರ ಅಲ್ರಿ, ಮಷೀನಿಗೆ ಕೆಲಸ ಹೇಳೋ ಚೀಟಿ, ಹುಳ ಅಂತಾರ ಅದಕ್ಕ. ಒತ್ತಿದ್ರ ನಮ್ಮ ವಿಳಾಸದಾಗಿನ ಎಲ್ಲಾರಿಗೂ ನಮ್ಮ ಹೆಸರಲೇ ತಾನ ಹೊಂಟು ಹೋಗತೈತಿ. ಗುರ್ತಿನವರ ಹೆಸರಲೇ ಬರತೈತ್ರಿ, ಅದಕ್ಕ ಮಂದಿ ನಂಬತಾರ.”

“ಏನವಾ, ನಮಗ ಸಾಲಿ ಕಲಿಸಾಕತ್ತಿ?” ಎಂದೆ. “ನೀ ತೊಟ್ಟಲದಾಗಿದ್ದಾಗಿಂದ ನಾ ಟಪಾಲ ಒಡಿಯಾಕತ್ತೇನಿ.”

ಎಲ್ಲರೂ ನಕ್ಕರು. ಅವಳ ಮುಖ ಕೆಂಪಾಯಿತು. ನನಗೆ ಆ ದಿನ ಊಟ ಚೆನ್ನಾಗಿ ಸೇರಿತು.

ವಾರ ಕಳೆದು ಏಕಾದಶಿ ಬಂತು. ಏಕಾದಶಿಗೆ ನನ್ನದು ನಿರಾಹಾರ. ಮಧ್ಯಾಹ್ನ ಎಲ್ಲರೂ ಡಬ್ಬಿ ಹಿಡಿದು ಹಿಂದಿನ ಕೋಣೆಗೆ ಹೋದರೆ ನಾನೊಬ್ಬನೇ ಕಚೇರಿ ಕಾಯುವುದು ರೂಢಿ. ಅವಳ ಕಂಪ್ಯೂಟರ್ ಟಿಣ್ ಎಂದಿತು. ಬಾಗಿ ನೋಡಿದೆ. ಬಾಗೇವಾಡಿಯ ಹೆಡ್ ಮಾಸ್ತರರ ಹೆಸರಿನಲ್ಲಿ ಮೇಲ್. ಹೋದ ವರ್ಷ ನಾವೇ ಬರೆದಿದ್ದ ಪತ್ರಕ್ಕೆ ಉತ್ತರದಂತೆ ಬಂದಿತ್ತು, ವಿಷಯದ ಸಾಲಿನಲ್ಲಿ ನಮ್ಮದೇ ಮಾತು: ವರ್ಗಾವಣೆ ಯಾದಿ. ಕೆಳಗೆ ಒಂದು ಸಾಲು ಇಂಗ್ಲಿಷ್, ಒಂದು ಫೈಲ್. ಫೈಲಿನ ಕೊನೆಯಲ್ಲಿ ಆ ಎರಡಕ್ಷರ ಇತ್ತು. ಕಂಡೆ, ಕಾಣಲಿಲ್ಲ ಎಂದು ಹೇಗೆ ಹೇಳಲಿ? ಆದರೆ ಯಾದಿಯನ್ನು ಎಲ್ಲರಿಗಿಂತ ಮೊದಲು ನೋಡುವ ಚಪಲ. ಒತ್ತಿದೆ.

ಪರದೆ ಒಮ್ಮೆ ಕಪ್ಪಾಗಿ ಸರಿಯಾಯಿತು. ಯಾದಿ ಗೀದಿ ಏನೂ ಬರಲಿಲ್ಲ. ಮತ್ತೆರಡು ಸಲ ಒತ್ತಿ, ನನ್ನ ಕುರ್ಚಿಗೆ ಬಂದು ಪಂಚಾಂಗ ತಿರುವುತ್ತ ಕುಳಿತೆ.

ಕಾಲು ಗಂಟೆಯಲ್ಲಿ ಸಿಂದಗಿಯ ಹೆಡ್ ಮಾಸ್ತರರಿಂದ ಫೋನು. “ಯಾದಿ ಕಳಿಸೀರಿ ಖರೆ, ತೆರೀವಲ್ದಲ್ರಿ! ದೇವಣಗಾಂವದ ಮಾಸ್ತರಗ ಕಳಿಸೇನಿ, ಅವರ ಮಷೀನ್ ಹೊಸಾದೈತಿ, ಅಲ್ಲೇ ತೆರದೀತು.” ನಾನು ಫೋನಿಟ್ಟೆ. ನಮ್ಮಲ್ಲಿಂದ ಯಾರೂ ಏನೂ ಕಳಿಸಿರಲಿಲ್ಲ. ಹುಳ ತಾನಾಗಿ ಹೋದದ್ದು ಸ್ವಲ್ಪ, ನಮ್ಮ ಮಂದಿ ಕೈಯಾರೆ ಹೊತ್ತು ಮುಟ್ಟಿಸಿದ್ದೇ ಹೆಚ್ಚು. ಯಾದಿ ಸಿಕ್ಕರೆ ತನ್ನವರಿಗೆ ಮೊದಲು ಕಳಿಸಬೇಕು, ತೆರೆಯದಿದ್ದರೆ ಇನ್ನೊಬ್ಬರಿಂದ ತೆರೆಸಬೇಕು. ಗೊಳಸಂಗಿಯ ಒಬ್ಬ ಮಾಸ್ತರ ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಬಾಗೇವಾಡಿಯ ಅಂಗಡಿ ಅಂಗಡಿ ತಿರುಗಿದನಂತೆ.

ಸಂಜೆಯೊಳಗೆ ನಾಲ್ಕೂ ಶಾಲೆಯಲ್ಲಿ ಹತ್ತನೆಯ ತರಗತಿಯ ಅಂಕಗಳ ಫೈಲುಗಳು ಕೆಟ್ಟು ಕೂತವು. ಮಾಸ್ತರರು ಎರಡು ರವಿವಾರ ಕೂತು ಎಲ್ಲವನ್ನೂ ಮತ್ತೆ ತುಂಬಬೇಕಾಯಿತು. ಅವರ ಸಿಟ್ಟಿಗೆ ಒಂದು ತಲೆ ಬೇಕಿತ್ತು.

ಅಧ್ಯಕ್ಷರು ಸಭೆ ಕರೆದರು. ನಾಲ್ವರು ಹೆಡ್ ಮಾಸ್ತರರು, ಕಚೇರಿಯವರು, ವಿಜಯಪುರದಿಂದ ಬಂದ ರಿಪೇರಿಯವನು. ಬಾಗೇವಾಡಿಯ ಹೆಸರು ಹೊತ್ತು ಹೊರಗಿನಿಂದ ಬಂದ ಹುಳ ಶಾಲೆಗಳಿಗೆಲ್ಲ ಹಬ್ಬಿದ್ದು ಇಂಡಿಯ ಕಚೇರಿಯಿಂದ, ಏಕಾದಶಿಯ ದಿನ ಒಂದೂವರೆಗೆ ಎಂದು ರಿಪೇರಿಯವನು ತೋರಿಸಿದ.

“ಯಾರ ಒತ್ತಿದವರು?” ಅಧ್ಯಕ್ಷರು ನನ್ನ ಕಡೆ ನೋಡಿದರು.

“ಮಷೀನ್ ಆಕೀದರಿ,” ಎಂದೆ. “ಹೋಗಿದ್ದೂ ಆಕಿ ಹೆಸರಲೇ.”

ಇಷ್ಟು ಸಲೀಸಾಗಿ ಬಾಯಿಗೆ ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಅವಳು ಎದ್ದು ನಿಂತಳು. “ಅವತ್ತ ಏಕಾದಶಿರಿ. ಒಂದೂವರಿಗೆ ನಾ ಇವರೆಲ್ಲಾರ ಜೋಡಿ ಊಟಕ್ಕ ಕುಂತಿದ್ನಿ. ಒಳಗ ಯಾರಿದ್ರು ಅನ್ನೂದು ಎಲ್ಲಾರಿಗೂ ಗೊತ್ತೈತ್ರಿ. ಕೇಳ್ರಿ.”

ಅಧ್ಯಕ್ಷರು ಯಾರನ್ನೂ ಕೇಳಲಿಲ್ಲ. ದಿನಾ ಅವಳ ಡಬ್ಬಿಯ ಶೇಂಗಾ ಚಟ್ನಿಪುಡಿ ಬಡಿಸಿಕೊಳ್ಳುತ್ತಿದ್ದ ಲೈಬ್ರರಿಯವಳು ಉಗುರು ನೋಡಿಕೊಂಡಳು. ಹೆಡ್ ಮಾಸ್ತರರು ಬಾಯಿ ಬಿಡಲಿಲ್ಲ. ಬಿಟ್ಟರೆ ತಾವೂ ಒತ್ತಿದ್ದು ಹೊರಬೀಳುತ್ತಿತ್ತು. “ವಾದ ಬ್ಯಾಡವಾ,” ಎಂದರು ಅಧ್ಯಕ್ಷರು, “ಮಷೀನ್ ನಿನ್ನ ತಾಬೇದಾಗಿತ್ತು.”

ಮರುದಿನ ನಿಜವಾದ ಯಾದಿ ಬಂತು. ಅದರಲ್ಲಿ ನನ್ನ ಹೆಸರೇ ಇರಲಿಲ್ಲ. ಹೆಂಡತಿ ಸಿಹಿ ಸಜ್ಜಕ ಮಾಡಿದಳು, ನಾನು ಎರಡು ಸಲ ಹಾಕಿಸಿಕೊಂಡು ತಿಂದೆ.

ಅವಳನ್ನು ಕೆಲಸದಿಂದ ತೆಗೆಯುವ ಆದೇಶವನ್ನು ಟೈಪ್ ಮಾಡಿಸಬೇಕಿತ್ತು. ಕಚೇರಿಯಲ್ಲಿ ಕನ್ನಡ ಟೈಪಿಂಗ್ ಬರುತ್ತಿದ್ದದ್ದು ಅವಳೊಬ್ಬಳಿಗೇ. ಹೊರಗೆ ಮಾಡಿಸಬಹುದಿತ್ತು, ಎದುರಿಗೇ ಅಂಗಡಿ ಇತ್ತು. ನಾನು ಹೋಗಲಿಲ್ಲ. “ಬರಕೋ,” ಎಂದು ಹೇಳಲು ಶುರು ಮಾಡಿದೆ. ‘ಸದರಿಯವರು ನಿರ್ಲಕ್ಷ್ಯದಿಂದ ಫೈಲನ್ನು ತೆರೆದ ಕಾರಣ’ ಎಂಬಲ್ಲಿಗೆ ಬಂದಾಗ ಅವಳ ಬೆರಳು ನಿಂತವು. ನನ್ನ ಮುಖ ನೋಡಿದಳು. ನಾನು ಮತ್ತೊಮ್ಮೆ, ಬಿಡಿಸಿ ಬಿಡಿಸಿ ಹೇಳಿದೆ. ಅದನ್ನೂ ಟೈಪ್ ಹೊಡೆದಳು.

“ಎಷ್ಟ ಪ್ರತಿ ತಗೀಲ್ರಿ, ಸರ?”

“ಮೂರು.”

ಮೂರು ತೆಗೆದಳು. ಒಂದರ ಮೇಲೆ ತಲುಪಿದ್ದಕ್ಕೆ ತಾನೇ ಸಹಿ ಮಾಡಿದಳು. ಆಮೇಲೆ ಒಂದು ಚೀಟಿಯಲ್ಲಿ ಇ-ಮೇಲಿನ ಪಾಸ್‌ವರ್ಡ್ ಬರೆದು ನನ್ನ ಮುಂದಿಟ್ಟಳು.

“ನಾಳಿಂದ ಮೇಲ್ ನೀವ ತೆಗೀರಿ, ಸರ. ನಿಮಗ ತೆಗಿಯಾಕ ಬರತೈತಿ.”

ನಾನು ಚೀಟಿ ಜೇಬಿಗಿಟ್ಟುಕೊಂಡೆ. ಹೋಗುವಾಗ ಫ್ಯಾನ್ ಆರಿಸಿ ಹೋಗಲು ಹೇಳಿದೆ. ಆರಿಸಿ ಹೋದಳು.