ಸ್ಟೋರಕ್ಕನ ಕೊನೆಯ ಪಂಪು

ಮನೆಗಾಡಿ ಕಟ್ಟಿಕೊಂಡು ಊರೂರು ಸುತ್ತುವವರ ನಡುವೆ ಅವಳ ಹೆಸರು ಸ್ಟೋರಕ್ಕ. ಸ್ವಂತ ಹೆಸರು ಒಂದಿತ್ತು, ಅದನ್ನು ಕೇಳುವವರು ಇರಲಿಲ್ಲ. ಗಾಡಿಗಳು ತಂಗುವ ಬಯಲಿನಲ್ಲಿ ಯಾರದಾದರೂ ಫ್ಯೂಸ್ ಸುಟ್ಟರೆ, ಗ್ಯಾಸ್ ಪೈಪಿನ ಕ್ಲಿಪ್ಪು ತುಂಡಾದರೆ, ಮೊದಲು ತಟ್ಟುತ್ತಿದ್ದದ್ದು ಸ್ಟೋರಕ್ಕನ ಗಾಡಿಯ ಬಾಗಿಲನ್ನೇ. ಬರಿಗೈಯಲ್ಲಿ ಹೋದವರು ಕಡಿಮೆ. ಅವಳು ಎಲ್ಲರಿಗೂ ಅಕ್ಕನಾದ ಮೇಲೆ ಅವಳ ಗಂಡ ಎಲ್ಲರಿಗೂ ಭಾವನಾದ. ಆ ಪದವಿ ಅವನಿಗೆ ಪುಕ್ಕಟೆ ಸಿಕ್ಕಿದ್ದು.

ಇಪ್ಪತ್ತೊಂಬತ್ತು ವರ್ಷ ಅವಳು ಬಸ್ ಡಿಪೋದ ಸ್ಟೋರಿನಲ್ಲಿ, ಜಾಲರಿ ಕಿಟಕಿಯ ಹಿಂದೆ ಕೂತು ಬೇರಿಂಗು, ಬೆಲ್ಟು, ಬ್ರೇಕ್ ಲೈನಿಂಗು ಕೊಟ್ಟವಳು. ಹಳೆಯ ಸಾಮಾನು ಕಿಟಕಿಯಲ್ಲಿ ಇಟ್ಟರೆ ಮಾತ್ರ ಹೊಸದು ಹೊರಗೆ ಬರುತ್ತಿತ್ತು. ಮ್ಯಾನೇಜರೇ ಬಂದು ಜಪ್ಪಯ್ಯ ಅಂದರೂ ಕೊಡುತ್ತಿರಲಿಲ್ಲ. ಭಾವ ಅದೇ ಡಿಪೋದ ಡ್ರೈವರು. ರೈಲ್ವೆ ನಿಲ್ದಾಣದಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮತ್ತೆ ರೈಲ್ವೆ ನಿಲ್ದಾಣ, ಇಪ್ಪತ್ತಾರು ವರ್ಷ ಅದೊಂದೇ ರೂಟು. ಇಬ್ಬರ ಕೆಲಸವೂ ಮುಗಿದ ಮೇಲೆ, ಡಿಪೋ ಹರಾಜು ಹಾಕಿದ ಹಳೆಯ ಮಿನಿಬಸ್ಸೊಂದನ್ನು ಕೊಂಡು, ಸೀಟು ಕಿತ್ತು, ಮಂಚ, ಒಲೆ, ತೊಟ್ಟಿ ಕೂರಿಸಿ ಅವನು ಹೆಂಡತಿಯ ಮುಂದೆ ನಿಂತಿದ್ದ.

"ಒಂದ್ ವರ್ಷ ಅಷ್ಟೇ ಕಣೇ. ಎಡಕ್ಕೆ ತಿರುಗ್ಬೇಕು ಅನ್ಸಿದ್ ಕಡೆ ಎಡಕ್ಕೆ ತಿರುಗ್ಬೇಕು. ಆಮೇಲೆ ನೀನ್ ಹೇಳ್ದಲ್ಲಿ ಕೂರ್ತೀನಿ."

ಆ ಒಂದು ವರ್ಷ ಈಗ ಒಂಬತ್ತಾಗಿತ್ತು.

ಹೊರಡುವಾಗ ಅವನು ನಕ್ಷೆ ನೋಡಿದ, ಅವಳು ಸಾಮಾನು ನೋಡಿದಳು. ಜಾಕ್ ಇಟ್ಟರೆ ಸಾಲದು, ಹಸಿ ನೆಲದಲ್ಲಿ ಅದು ಹೂತುಹೋಗುತ್ತದೆ, ಅದರಡಿಗೆ ಹಲಗೆ ಬೇಕು. ಗಾಡಿಯ ಕೆಳಗೆ ನುಗ್ಗುವ ಗಂಡಸು ಬರೀ ಜಾಕನ್ನು ನಂಬಬಾರದು, ದಪ್ಪ ಮರದ ದಿಮ್ಮಿ ಎರಡು ಬೇಕು. ಸ್ಪ್ಯಾನರುಗಳು ಇದ್ದೇ ಇರುತ್ತವೆ. ಆದರೆ ಬಿಚ್ಚಿದ ನಟ್ಟು ಕತ್ತಲೆಯ ಮೂಲೆಗೆ ಉರುಳಿದಾಗ ಎತ್ತಲು ಉದ್ದ ಕಡ್ಡಿಯ ತುದಿಗೆ ಆಯಸ್ಕಾಂತ ಬೇಕೆಂದು ಯಾವ ಡ್ರೈವರಿಗೆ ಹೊಳೆಯುತ್ತದೆ? ಮಂಚದ ಅಡಿಯ ಮೂರು ಡ್ರಾಯರು ಹೀಗೆ ತುಂಬಿದವು. ಫ್ಯಾನ್ ಬೆಲ್ಟು, ರಬ್ಬರ್ ಹೋಸು, ಕ್ಲಿಪ್ಪು, ವೈರು, ಬಲ್ಬು, ಪಂಕ್ಚರಿನ ಸರಕು, ಅಡುಗೆ ತೊಟ್ಟಿಯ ನಲ್ಲಿಗೆ ವಾಷರು, ಬ್ಯಾಟರಿ ಸತ್ತರೆ ಪಕ್ಕದ ಗಾಡಿಯಿಂದ ಜೀವ ಎರವಲು ತರುವ ಕೇಬಲು. ಅವಳ ಬಟ್ಟೆಗೆ ಉಳಿದದ್ದು ಒಲೆಯ ಮೇಲಿನ ಒಂದು ಗೂಡು.

ಮೂರನೇ ವರ್ಷ ಒಂದು ಚೆಕ್‌ಪೋಸ್ಟಿನಲ್ಲಿ ಗಾಡಿಯನ್ನು ವೇಬ್ರಿಜ್ ಮೇಲೆ ಹತ್ತಿಸಿದರು. ಇರಬೇಕಾದ್ದಕ್ಕಿಂತ ಎಂಬತ್ತು ಕಿಲೋ ಜಾಸ್ತಿ. ಇಳಿಸದೆ ಬಿಡುವುದಿಲ್ಲ ಎಂದರು. ಸ್ಟೋರಕ್ಕ ಒಳಗೆ ಹೋದಳು, ಡ್ರಾಯರು ತೆರೆದಳು, ಮುಚ್ಚಿದಳು. ಕೊನೆಗೆ ಹೊರಗೆ ಬಂದದ್ದು ಅವಳ ಹೊಲಿಗೆ ಯಂತ್ರ, ಒರಗಿಕೊಳ್ಳುವ ಕುರ್ಚಿ, ಎರಡು ಚೀಲ ಪುಸ್ತಕ. ಒಂದೇ ಒಂದು ಸ್ಪ್ಯಾನರು ಇಳಿಯಲಿಲ್ಲ. "ನಿನ್ನಂಥೋಳು ಸಿಕ್ಕಿದ್ದು ನನ್ನ ಪುಣ್ಯ ಕಣೇ" ಎಂದು ಭಾವ ಅಂದಾಗ ಅವಳು ಉಬ್ಬಿಹೋಗಿದ್ದಳು. ಆ ಉಬ್ಬು ಇಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಹೊಲಿಗೆ ಯಂತ್ರ ನೆನಪಾದಾಗಲೆಲ್ಲ ಅವಳಿಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ಮಾತ್ರ ತಿಳಿಯುತ್ತಿರಲಿಲ್ಲ.

ಈಚಿನ ವರ್ಷಗಳಲ್ಲಿ ಅವಳಿಗೆ ಸಾಕು ಸಾಕಾಗಿತ್ತು. ಮಲಗಿ ಎದ್ದರೂ ಹೋಗದ ಸುಸ್ತು. ಬೆಳಿಗ್ಗೆ ಎದ್ದು ಟೈರಿನ ಗಾಳಿ, ಎಂಜಿನ್ನಿನ ನೀರು, ಗ್ಯಾಸಿನ ತಿರುಪು, ಕಪಾಟಿನ ಚಿಲಕ ನೋಡಬೇಕು. ಒಂದು ಚಿಲಕ ಮರೆತರೆ ಮೊದಲ ತಿರುವಿನಲ್ಲೇ ತಟ್ಟೆಗಳು ನೆಲಕ್ಕೆ. ಒಂಬತ್ತು ವರ್ಷದಿಂದ ಅವಳು ಗೋಡೆಗೆ ಒಂದು ಮೊಳೆ ಹೊಡೆದಿರಲಿಲ್ಲ. ಹೊಡೆದರೆ ತೂಗುಹಾಕಿದ್ದೆಲ್ಲ ಬಡಿದಾಡುತ್ತಿತ್ತು. ರಸ್ತೆಯಲ್ಲಿ ಕಂಡ ಪ್ರತಿ ಮನೆಯ ಕಿಟಕಿಯೊಳಗೆ ಕಣ್ಣು ಹಾಯಿಸಿ ಮಂಚ ಎಲ್ಲಿದೆ ಎಂದು ಹುಡುಕುವ ಕೆಟ್ಟ ಅಭ್ಯಾಸ ಬೇರೆ ಅಂಟಿಕೊಂಡಿತ್ತು. ಎರಡೂ ಬದಿಯಿಂದ ಇಳಿಯಬಹುದಾದ ಮಂಚ ಅವಳಿಗೆ ಬೇಕಿತ್ತು. ನಿಲ್ಲೋಣ ಅಂತ ಅವಳು ಎರಡು ಸಲ ಬಾಯಿ ಬಿಟ್ಟಿದ್ದಳು. "ಗಾಡಿ ಓಡೋವರೆಗೂ ಓಡ್ಲಿ ಬಿಡೇ" ಎಂದು ಅವನು ಎರಡು ಸಲವೂ ಅದೇ ಉತ್ತರ ಕೊಟ್ಟಿದ್ದ. ಗಾಡಿಯೋ, ನಿಲ್ಲುವ ಲಕ್ಷಣವೇ ತೋರಿಸುತ್ತಿರಲಿಲ್ಲ.

ಒಂದು ಮಧ್ಯಾಹ್ನ, ಯಾವುದೋ ಪೇಟೆಯ ಅಂಚಿನಲ್ಲಿ, ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಿತು. ಬಾನೆಟ್ಟಿನಿಂದ ಹಬೆ ಎದ್ದಿತು. ಭಾವ ಗಾಡಿಯನ್ನು ಒಂದು ಟೈರ್ ಅಂಗಡಿಯ ಅಂಗಳಕ್ಕೆ ತಿರುಗಿಸಿ ನಿಲ್ಲಿಸಿದ. ಎಂಜಿನ್ನು ತಣ್ಣಗಾದ ಮೇಲೆ ಹಲಗೆ, ಜಾಕು, ದಿಮ್ಮಿ ಎಲ್ಲ ಇಳಿದವು. ಅವನು ಗೋಣಿ ಹಾಸಿಕೊಂಡು ಗಾಡಿಯ ಅಡಿಗೆ ತೂರಿದ.

"ಪಂಪ್ ಹೋಗಿದೆ" ಎಂದು ಕೆಳಗಿನಿಂದ ಧ್ವನಿ ಬಂತು. "ನೀರ್ ಸುರೀತಿದೆ. ಬಿಚ್ತೀನಿ. ಅಷ್ಟ್ರಲ್ಲಿ ಎರಡ್ ಬಕೆಟ್ ನೀರ್ ತಂದಿಡು."

ಎಂಜಿನ್ನು ಕಾಯದಂತೆ ಅದರೊಳಗೆ ನೀರು ಸುತ್ತಿಸುವ ಪಂಪು ಅದು. ಆ ಮಾದರಿಯ ಗಾಡಿಯನ್ನೇ ಕಂಪನಿ ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಹೊರಡುವ ಮೊದಲು ಸ್ಟೋರಕ್ಕ ಹತ್ತು ಅಂಗಡಿ ಅಲೆದು ಎರಡು ಪಂಪು ಸಂಪಾದಿಸಿದ್ದಳು. ಒಂದನ್ನು ನಾಲ್ಕು ವರ್ಷದ ಹಿಂದೆ ಹಾಕಿದ್ದಾಯಿತು. ಇನ್ನೊಂದು ಎಣ್ಣೆ ಕಾಗದ ಸುತ್ತಿಕೊಂಡು ಮೂರನೇ ಡ್ರಾಯರಿನಲ್ಲಿ ಮಲಗಿತ್ತು. ಮೂರನೆಯದು ಎಲ್ಲೂ ಇರಲಿಲ್ಲ.

ನಲ್ಲಿ ಟೈರ್ ಅಂಗಡಿಯವನ ಮನೆಯ ಹಿಂಬದಿಗೆ ಇತ್ತು. ಅವನ ಹೆಂಡತಿ ಬಕೆಟ್ಟನ್ನು ಕೈಯಿಂದ ಇಸಿದುಕೊಂಡು, "ಕೂತ್ಕೊಳ್ಳಿ, ತುಂಬೋ ಹೊತ್ತಿಗೆ ಕರೀತೀನಿ" ಎಂದು ಒಳಗಿನ ಕುರ್ಚಿ ತೋರಿಸಿದಳು. ಸ್ಟೋರಕ್ಕ ಕೂತಳು. ಮರದ ಮಾಮೂಲಿ ಕುರ್ಚಿ. ಪಕ್ಕದ ಕೋಣೆಯಲ್ಲಿ ಮಂಚದ ಸುತ್ತ ಓಡಾಡುವಷ್ಟು ಜಾಗ, ಗೋಡೆಯ ಮೊಳೆಯಲ್ಲಿ ಒಂದು ಛತ್ರಿ ತೂಗುತ್ತಿತ್ತು. ರಸ್ತೆಯಲ್ಲಿ ಲಾರಿ ಹಾದುಹೋಯಿತು, ಮನೆಯಲ್ಲಿ ಒಂದು ಲೋಟವೂ ಅಲುಗಲಿಲ್ಲ. ಯಾವಾಗ ಕಣ್ಣು ಮುಚ್ಚಿತೋ ಗೊತ್ತಿಲ್ಲ, ಆ ಹೆಂಗಸು ಭುಜ ಮುಟ್ಟಿ ಎಬ್ಬಿಸಬೇಕಾಯಿತು.

"ತುಂಬಾ ಆಯಾಸ ಆಗಿದೆ ನಿಮ್ಗೆ" ಎಂದಳು ಅವಳು.

ಒಂಬತ್ತು ವರ್ಷದಲ್ಲಿ ಯಾರೂ ಸ್ಟೋರಕ್ಕನಿಗೆ ಇದನ್ನು ಹೇಳಿರಲಿಲ್ಲ. ಅವಳ ಹತ್ತಿರ ಏನಿದೆ ಎಂದು ಕೇಳುವವರೇ ಎಲ್ಲ.

ನೀರು ಹೊತ್ತು ಬರುವ ಹೊತ್ತಿಗೆ ಹಳೆಯ ಪಂಪು ಗಾಡಿಯ ಅಡಿಯಿಂದ ಹೊರಬಿದ್ದಿತ್ತು. ಡಿಪೋದ ಅಭ್ಯಾಸ, ಹಳೆಯದನ್ನು ಮುಂದಿಟ್ಟು ಭಾವ ಅಡಿಯಿಂದಲೇ ಖಾಲಿ ಕೈ ಚಾಚಿದ್ದ.

"ಹೊಸದು ಕೊಡು. ಇದ್ಯಲ್ಲ ಒಂದು?"

ಅವಳು ಒಳಗೆ ಹೋಗಿ ಮೂರನೇ ಡ್ರಾಯರು ಎಳೆದಳು. ಎಣ್ಣೆ ಕಾಗದ ಬಿಚ್ಚಿದಳು. ಪಂಪು ತಣ್ಣಗೆ, ಭಾರವಾಗಿ ಕೈಯಲ್ಲಿ ಕೂತಿತು. ಬೆಲ್ಟು ಹರಿದಾಗ, ಹೋಸು ಒಡೆದಾಗ, ಮೊದಲ ಪಂಪು ಸತ್ತಾಗ, ಗಾಡಿ ತಾನಾಗಿ ನಿಲ್ಲಬಹುದಾಗಿದ್ದ ಪ್ರತಿ ಸಲವೂ ಅದನ್ನು ಮತ್ತೆ ರಸ್ತೆಗೆ ಹತ್ತಿಸಿದ್ದು ತನ್ನ ಕೈಯೇ ಎಂದು ಅವಳಿಗೆ ಆಗ ಮುಖಕ್ಕೆ ಹೊಡೆದ ಹಾಗೆ ತಿಳಿಯಿತು. ಸ್ಟಿಯರಿಂಗ್ ಹಿಡಿದವನು ಅವನಿರಬಹುದು, ಗಾಡಿ ಓಡಿಸಿದ್ದು ಅವಳು.

ಇಲ್ಲ, ಯಾರಿಗೋ ಕೊಟ್ಟುಬಿಟ್ಟೆ ಅಂದರೆ ಮುಗಿದೇಹೋಗುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಡ್ರಾಯರಿನಲ್ಲಿ ಇರುವುದನ್ನು ಇಲ್ಲ ಅನ್ನುವುದು ಅವಳ ಕೈಯಲ್ಲಿ ಆಗಲಿಲ್ಲ. ಪಂಪನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗಿಳಿದು ಅವನ ಪಾದದ ಹತ್ತಿರ ನಿಂತಳು.

"ಇದೆ" ಎಂದಳು. "ಕೊಡಲ್ಲ."

ಚಾಚಿದ ಕೈ ಹಾಗೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಅದು ಒಳಗೆ ಹೋಯಿತು. ಆಮೇಲೆ ಭಾವ ಬೆನ್ನು ತೆವಳಿಸಿಕೊಂಡು ಹೊರಬಂದು, ಮಸಿ ಮೆತ್ತಿದ ಮುಖವೆತ್ತಿ ಅವಳನ್ನು ನೋಡಿದ. ಅವಳು ಪಂಪನ್ನು ಎದೆಗೆ ಒತ್ತಿಕೊಂಡಿದ್ದಳು.

"ಏನಾಯ್ತೇ?"

"ನಂಗೆ ಆಗ್ತಿಲ್ಲ ರೀ. ಇನ್ನು ಆಗಲ್ಲ."

"ಎಷ್ಟ್ ದಿನದಿಂದ?"

"ಐದಾರ್ ವರ್ಷ ಆಯ್ತು."

"ಗಟ್ಟಿಯಾಗಿ ಹೇಳ್ಬಾರ್ದಿತ್ತಾ?"

"ನೀವ್ ನನ್ನ ಕೇಳಿದ್ದು ಬರೀ ಸಾಮಾನು. ಕೇಳಿದ್ದೆಲ್ಲ ಕೊಟ್ಟೆ."

ಭಾವ ಗೋಣಿಯ ಮೇಲೆ ಕೂತೇ ಇದ್ದ. ರೇಗಬಹುದು ಎಂದು ಅವಳು ಕಾದಳು. ಅವನು ರೇಗಲಿಲ್ಲ. ಅಂಗೈಯ ಮಸಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತ, "ನಿಂತ್ರೆ ನಾನೇನ್ ಮಾಡ್ಲಿ ಹೇಳು" ಎಂದ. ಹಟದ ದನಿಯಲ್ಲ ಅದು, ಹೆದರಿದವನ ದನಿ. ಇಷ್ಟು ವರ್ಷ ಅವನು ಎಡಕ್ಕೆ ತಿರುಗಿದ್ದು ಬರೀ ಆಸೆಯಿಂದಲ್ಲ ಎಂದು ಅವಳಿಗೆ ಈಗ ಗೊತ್ತಾಯಿತು. ಆದರೂ ಅವಳು ಪಂಪನ್ನು ಕೈಯಿಂದ ಬಿಡಲಿಲ್ಲ.

"ನಂಗೂ ಗೊತ್ತಿಲ್ಲ" ಎಂದಳು. "ಮೊದ್ಲು ಒಂದ್ ಕಡೆ ಮಲಗೋಣ. ಎದ್ಮೇಲೆ ಇಬ್ರೂ ಯೋಚ್ನೆ ಮಾಡೋಣ."

ಟೈರ್ ಅಂಗಡಿಯಲ್ಲಿ ಯಾರೋ ರಿಮ್ಮಿಗೆ ಸುತ್ತಿಗೆಯಿಂದ ಬಡಿಯುತ್ತಿದ್ದರು. ಭಾವ ಹೊರಳಿ, ಮತ್ತೆ ಅಡಿಗೆ ಕೈ ಹಾಕಿ, ಚೆಲ್ಲಾಡಿದ್ದ ಸ್ಪ್ಯಾನರುಗಳನ್ನು ಒಂದೊಂದಾಗಿ ಎಳೆದುಕೊಂಡ. ಪ್ರತಿಯೊಂದನ್ನೂ ಚಿಂದಿಯಿಂದ ಒರೆಸಿ ಸಾಲಾಗಿ ಇಟ್ಟ. ಅದಕ್ಕೆ ಬಹಳ ಹೊತ್ತು ಹಿಡಿಯಿತು. ಎಲ್ಲ ಮುಗಿದ ಮೇಲೆ, ಅವಳ ಕಡೆ ನೋಡದೆ ಕೇಳಿದ.

"ದಿಮ್ಮಿ ತೆಗ್ದು ಜಾಕ್ ಇಳಿಸ್ಲಾ?"

"ಇಳಿಸಿ" ಎಂದಳು ಸ್ಟೋರಕ್ಕ.