ಮಾವನ ಅರ್ಧ ಕಂಬಳಿ

ಮಕ್ಕಳೇ, ಇದು ಹೆದರಿಸಲೆಂದು ಕಟ್ಟಿದ ಕಥೆಯಲ್ಲ. ನಿಮ್ಮ ತಾತನ ಬಲಗೈ ಬೆರಳುಗಳು ಮಡಚುತ್ತಿರಲಿಲ್ಲ, ನೀವೇ ನೋಡಿದ್ದೀರಿ. ಕೇಳಿದರೆ ಬಂಡಿಗೆ ಸಿಕ್ಕಿತ್ತು ಎಂದುಬಿಡುತ್ತಿದ್ದರು. ಬಂಡಿಗೆ ಸಿಕ್ಕಿದ್ದಲ್ಲ.

ಎಂಬತ್ತರ ದಶಕದ ಮಾತು. ತಾವರೆಕೆರೆ ಕಡೆಯ ನಮ್ಮ ಹಳ್ಳಿಯಲ್ಲಿ ಕಂಬಳಿ ನೇಯುವ ಮಗ್ಗ ನಮ್ಮದೊಂದೇ ಉಳಿದಿತ್ತು. ಅದರ ಮೇಲೆ ಸಿನಿಮಾ ಮಾಡಲು ಬೆಂಗಳೂರಿನ ಕಾಲೇಜಿನಿಂದ ರಮೇಶ ಎಂಬ ವಿದ್ಯಾರ್ಥಿ ಕ್ಯಾಮೆರಾ ಹೊತ್ತು ಬಂದ. ಅದೇ ವಾರ ನನ್ನ ಮಾವ, ಅಂದರೆ ನಿಮ್ಮ ತಾತನ ಅಪ್ಪ, ಮಗ್ಗದ ಗುಂಡಿಯಲ್ಲಿ ಕೂತಂತೆಯೇ ತೀರಿಕೊಂಡಿದ್ದರು.

ನೇಯುವವರು ಸತ್ತರೆ ಅವರು ಬಿಟ್ಟ ಕಂಬಳಿಯನ್ನು ನಮ್ಮಲ್ಲಿ ಯಾರೂ ಮುಂದುವರಿಸುವುದಿಲ್ಲ. ನೇಯ್ದಷ್ಟನ್ನೇ ಕುಯ್ದು, ಹನ್ನೊಂದನೇ ದಿನ ಅವರ ಸಮಾಧಿಗೆ ಹೊದಿಸುತ್ತಾರೆ. ಮಾವ ನೇಯ್ದದ್ದು ಅರ್ಧ. ಅದಿನ್ನೂ ಮಗ್ಗದ ಮೇಲೆಯೇ ಇತ್ತು.

“ಅಣ್ಣ, ನಾಳೆ ಕ್ಯಾಮೆರಾ ವಾಪಸ್ ಕೊಡ್ಬೇಕು. ಎರಡು ನಿಮಿಷ ನೇಯ್ದು ತೋರಿಸಿ, ಸಾಕು” ಎಂದ ರಮೇಶ.

ಹೊಸ ನೂಲು ಹೂಡಲು ಹೊತ್ತಿರಲಿಲ್ಲ. ತಾತ ಆ ಗುಂಡಿಗೇ ಇಳಿದರು.

“ಲೇ, ಅದು ನಿಮ್ಮಪ್ಪಂದು ಕಣ್ಲಾ. ಮುಟ್ಬ್ಯಾಡ” ಎಂದರು ಅತ್ತೆ.

“ಸುಮ್ಕಿರವ್ವ. ಸಿನಿಮಾ ಅಂದಿದ್ರೆ ಅಪ್ಪ ನನ್ನ ತಳ್ಳಿ, ತಾನೇ ಮೀಸೆ ತಿರುವ್ಕಂಡು ಕೂತ್ಕತಿದ್ದ.”

ನನಗೂ ನಗು ಬಂತು.

ಕತ್ತಲಾಗಿತ್ತು. ಗ್ಯಾಸ್‌ಲೈಟು ಬುಸುಗುಟ್ಟುತ್ತಿತ್ತು. ಉಣ್ಣೆಯ ಕಮಟು, ನೂಲಿಗೆ ಬಳಿದ ಹುಣಸೆ ಬೀಜದ ಗಂಜಿಯ ವಾಸನೆ... ತಾತ ಎರಡು ಎಳೆ ಹಾಕಿ, ಅವನ್ನು ಒತ್ತಲು ಮರದ ಅಲಗಿನಿಂದ ಬಡಿದರು. ಧಡ್... ಧಡ್...

“ಕೈ ನನ್ ಮಾತು ಕೇಳ್ತಿಲ್ಲ ಕಣೇ” ಎಂದರು ಮೆಲ್ಲಗೆ.

ನೋಡಿದೆ. ಅಲಗು ಅವರ ಎಡಗೈಯಲ್ಲಿತ್ತು. ಮನೆಯಲ್ಲಿ ಎಡಗೈಲಿ ಬಡಿಯುತ್ತಿದ್ದವರು ಮಾವ ಒಬ್ಬರೇ.

ಅಲಗು ಮೇಲೆದ್ದು, ಅವರದೇ ಬಲಗೈ ಮೇಲೆ ಇಳಿಯಿತು. ಒಣಗಿದ ತೊಗರಿ ಕಡ್ಡಿ ಮುರಿದ ಶಬ್ದ. ಮತ್ತೆ ಇಳಿಯಿತು. ಮತ್ತೆ... ಕಂಬಳಿ ತುಂಬ ರಕ್ತ. ತಡೆಯಲು ಹೋದ ರಮೇಶನ ತುಟಿ ಸೀಳಿತು. ಅತ್ತೆ ಗೋಡೆಗೆ ಬಿದ್ದರು. ಯಾರೋ ಹಿಂದಿನಿಂದ ಅದುಮಿದಂತೆ ತಾತನ ಕುತ್ತಿಗೆ ಬಿಗಿದ ನೂಲಿನ ಮೇಲೆ ಒತ್ತಿಕೊಂಡಿತು. ಉಸಿರಿಲ್ಲ. ಕಣ್ಣು ಹೊರಬರುತ್ತಿತ್ತು.

ಮಾವನೆದುರು ಒಮ್ಮೆಯೂ ಬಾಯಿ ತೆರೆಯದ ನಾನು ಕುಡುಗೋಲು ತಂದೆ. “ಬುಟ್ಬುಡಿ ಮಾವ... ನಿಮ್ ಮಗ” ಎನ್ನುತ್ತ ನೂಲನ್ನೆಲ್ಲ ಕುಯ್ದೆ.

ತಾತ ಪ್ರಜ್ಞೆ ತಪ್ಪಿ ಬಿದ್ದರು. ಎಡಗೈ ಮಾತ್ರ ನಿಲ್ಲಲಿಲ್ಲ. ಬರಿಗೈ ನೆಲವನ್ನು ಬಡಿಯುತ್ತಲೇ ಇತ್ತು, ಚರ್ಮ ಸುಲಿದು ಹೋಗುವಂತೆ.

“ಅವ್ರಿಗೆ ಹೊದಿಕೆ ಬೇಕು” ಎಂದ ಅತ್ತೆ ಕಂಬಳಿ ಎತ್ತಿಕೊಂಡು ಹೊಲದ ಸಮಾಧಿಗೆ ನಡೆದರು. ರಮೇಶ ಗ್ಯಾಸ್‌ಲೈಟು ಹಿಡಿದು ಜೊತೆಗೆ ಹೋದ. ಕತ್ತಲಲ್ಲಿ ಆ ಕೈಯನ್ನು ಎರಡೂ ಮಂಡಿಗಳಲ್ಲಿ ಒತ್ತಿ ಕೂತೆ. ನನ್ನನ್ನೇ ಎತ್ತಿ ಎಸೆಯುವಂತೆ ಕುಕ್ಕುತ್ತಿತ್ತು... ಒಮ್ಮೆಗೇ ಮೆತ್ತಗಾಯಿತು. ತಾತ ಉಸಿರೆಳೆದುಕೊಂಡರು.

ಅತ್ತೆ ಬಂದು ಕಾಲು ತೊಳೆದರು. “ಹೊದಿಸ್ದೆ. ಕಾಲ್ತನಕ ಬಂತು ಕಣಮ್ಮ.”

“ಅದು ಅರ್ಧ ಅಲ್ವಾ ಅತ್ತೆ?”

ಅತ್ತೆ ಮತ್ತೆ ಕಾಲಿಗೆ ನೀರು ಹುಯ್ದುಕೊಂಡರು. ರಮೇಶ ಅಳುತ್ತಿದ್ದ.

ಬೆಳಿಗ್ಗೆ ನಾನೇ ಹೋದೆ. ಕಂಬಳಿ ತಲೆಯಿಂದ ಕಾಲಿನವರೆಗೆ ಹರಡಿತ್ತು. ಕುಯ್ದ ತುದಿಗಾಗಿ ಕೈಯಾಡಿಸಿದೆ. ನಾಲ್ಕು ಕಡೆಯೂ ಅಂಚು ಕಟ್ಟಿತ್ತು. ಕಾಲಿನ ಕಡೆ ನೂಲಿನ ಗಂಜಿ ಇನ್ನೂ ಹಸಿಯಾಗಿತ್ತು...

ತಾತನಿಗೆ ಇದನ್ನು ನಾನು ಹೇಳಲೇ ಇಲ್ಲ.