ಮೂವರು ಬೇಕಾದ ರೊಟ್ಟಿ

ಕಳೆದ ತಿಂಗಳು ಮೈಸೂರಿನಲ್ಲಿ ನೆಂಟರೊಬ್ಬರ ಆರತಕ್ಷತೆಗೆ ಹೋಗಿದ್ದೆ. ಈಗಿನ ಊಟ ಗೊತ್ತಲ್ಲ, ಕೈಯಲ್ಲಿ ತಟ್ಟೆ ಹಿಡಿದು ಮೂಲೆಮೂಲೆ ಸುತ್ತಬೇಕು. ಒಂದು ಮೂಲೆಯಲ್ಲಿ ಅಡುಗೆಯವನೊಬ್ಬ ದೊಡ್ಡ ಬಾಣಲೆಯನ್ನು ಕವುಚಿ ಹಾಕಿ, ಅದರ ಬೆನ್ನ ಮೇಲೆ ಪಂಚೆಯಷ್ಟು ತೆಳ್ಳಗಿನ ರೊಟ್ಟಿ ಹರವುತ್ತಿದ್ದ. ಕಾದ ಕಬ್ಬಿಣಕ್ಕೆ ಗೋಧಿ ಹಿಟ್ಟು ತಗಲಿ ಸೀಯುವ ವಾಸನೆ ಬಂತು ನೋಡಿ, ನಾನು ತಟ್ಟೆ ಹಿಡಿದು ನಿಂತಲ್ಲೇ ನಿಂತೆ. ಹಿಂದಿನವರು ‘ಸ್ವಲ್ಪ ಮುಂದೆ ಹೋಗಿ ಅಮ್ಮ’ ಎಂದು ಎರಡು ಸಲ ಹೇಳಬೇಕಾಯಿತು.

ನನ್ನ ತವರು ನಂಜನಗೂಡು. ಎಪ್ಪತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಟಿ. ನರಸೀಪುರಕ್ಕೆ ಬಂದೆ. ಯಜಮಾನರು ಮೂಗೂರಿನಲ್ಲಿ ಮೇಷ್ಟ್ರು. ಬೆಳಗಿನ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಅಲ್ಲಿಯವರೆಗೆ ಮನೆಯಲ್ಲಿ ನಾನು ಮತ್ತು ಅತ್ತೆ. ಅತ್ತೆಗೆ ಗಂಡ ಹೋಗಿ ಬಹಳ ವರ್ಷವಾಗಿತ್ತು. ಮಡಿ ಹೆಂಗಸು, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರು, ನಾಲಿಗೆ ಮಾತ್ರ ಬಲು ಚುರುಕು. ನಾನೋ ಬಿ.ಎ. ಮಾಡಿದ ಜಾಣೆ. ಲೋಕವೆಲ್ಲ ನನಗೆ ತಿಳಿದಿದೆ, ಅತ್ತೆಗೆ ಏನೂ ತಿಳಿಯದು ಎಂದುಕೊಂಡಿದ್ದೆ.

ನಮ್ಮ ಹಿತ್ತಲ ಮೋಟುಗೋಡೆಯ ಆಚೆ ಒಂದು ಬಾಡಿಗೆ ಮನೆ. ಅದರಲ್ಲಿ ಇದ್ದವರನ್ನು ಊರೆಲ್ಲ ಮೇಡಮ್ಮ ಎನ್ನುತ್ತಿತ್ತು. ಬಿಳಿ ಮೈ, ಗಿಡುಗನ ಮೂಗು, ಮೊಣಕಾಲ ಕೆಳಗಿನವರೆಗೆ ಕರಿ ಫ್ರಾಕು. ಇಂಗ್ಲಿಷರಿರಬೇಕು ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಅಲ್ಲ, ಅವರು ಅರ್ಮೇನಿಯದ ಮಂದಿ. ಹುಟ್ಟಿದ್ದು ಕಲ್ಕತ್ತೆಯಲ್ಲಿ, ಅಜ್ಜಿ ಇರಾನಿನ ಕಡೆಯಿಂದ ಬಂದವರಂತೆ. ಗಂಡ ಇಲ್ಲಿಯ ರೇಷ್ಮೆ ಕಾರ್ಖಾನೆಯಲ್ಲಿ ಬಾಯ್ಲರು ನೋಡಿಕೊಳ್ಳಲು ಬಂದು, ನಾನು ಬರುವ ಹಿಂದಿನ ವರ್ಷ ತೀರಿಕೊಂಡಿದ್ದರು. ಮಕ್ಕಳಿಲ್ಲ. ಗಂಡನನ್ನು ಮೈಸೂರಿನಲ್ಲಿ ಮಣ್ಣು ಮಾಡಿದ್ದರಿಂದ ಈಕೆ ಇಲ್ಲೇ ಉಳಿದಿದ್ದರು.

ಕನ್ನಡ ಕಲಿತದ್ದು ಮೊಸರು ತರುವ ಹೆಂಗಸಿನಿಂದ. ಹಾಗಾಗಿ ಆ ದೊರೆಸಾನಿಯ ಬಾಯಿಂದ ಅಪ್ಪಟ ಹಳ್ಳಿ ಮಾತು ಬರುತ್ತಿತ್ತು. “ಉಂಡ್ಯೇನವ್ವ?” ಎಂದು ಗೋಡೆಯಾಚೆಯಿಂದ ಕೇಳಿದಾಗ ಮೊದಲ ಸಲ ನಗು ತಡೆಯಲಾಗಿರಲಿಲ್ಲ.

ಅವರ ಅಡುಗೆಯೆಲ್ಲ ನಾನು ಗೋಡೆಯ ಈಚೆಯಿಂದಲೇ ಕಂಡದ್ದು. ಎಲೆಕೋಸಿನ ಎಲೆಯಲ್ಲಿ ಕಾಳುಗಳನ್ನು ಸುತ್ತಿ ಬೇಯಿಸುತ್ತಿದ್ದರು. ಮೊಸರಿಗೆ ಗೋಧಿ ನುಚ್ಚು ಹಾಕಿ ಕುದಿಸಿ ಪುದೀನ ಉದುರಿಸುತ್ತಿದ್ದರು. ಮಜ್ಜಿಗೆಹುಳಿಯ ದೂರದ ನೆಂಟ ಅನ್ನಿ. ಕಾಫಿ ಕುಡಿದು ಬಟ್ಟಲನ್ನು ಸಾಸರಿಗೆ ಕವುಚಿ, ತಳದ ಗಸಿಯಲ್ಲಿ ಏನೋ ನೋಡಿ ತಾವೇ ತಲೆಯಾಡಿಸಿಕೊಳ್ಳುತ್ತಿದ್ದರು. ರೊಟ್ಟಿಯ ಚೂರು ಕೈಜಾರಿ ಬಿದ್ದರೆ ಎತ್ತಿ ಮುತ್ತಿಟ್ಟು, ಯಾರೂ ತುಳಿಯದಂತೆ ಗೋಡೆಯ ಮೇಲೆ ಇಡುತ್ತಿದ್ದರು. ಅನ್ನ ತುಳಿದರೆ ನಾವು ಕಣ್ಣಿಗೊತ್ತಿಕೊಳ್ಳುವುದಿಲ್ಲವೇ, ಹಾಗೆ. ಭಾನುವಾರ ಮಾಂಸ ಬೇಯುತ್ತಿತ್ತು, ಆಗ ನಾನು ಹಿತ್ತಲ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಆದರೆ ವರ್ಷಕ್ಕೊಮ್ಮೆ ಬೇಸಿಗೆಯ ಮೊದಲಲ್ಲಿ ನಲವತ್ತು ಚಿಲ್ಲರೆ ದಿನ ಮಾಂಸವಿರಲಿ, ಹಾಲು ಮೊಸರನ್ನೂ ಮುಟ್ಟುತ್ತಿರಲಿಲ್ಲ. ಅದು ಗೊತ್ತಾದ ದಿನ ಅತ್ತೆ, “ನಮ್ಮ ಏಕಾದಶಿ ಇದರ ಮುಂದೆ ಏನೂ ಅಲ್ಲ ಕಣೇ” ಎಂದಿದ್ದರು. ಆಮೇಲೆ ಅತ್ತೆಯೇ ದಿನಾ ಬೆಳಿಗ್ಗೆ ತುಳಸಿಗೆ ನೀರು ಹಾಕುವಾಗ “ಏನ್ರೀ ಮೇಡಮ್ಮ?” ಎಂದು ಮಾತಾಡಿಸುತ್ತಿದ್ದರು. ಅವರು ಕೈಮುಗಿಯುತ್ತಿದ್ದರು. ಅಷ್ಟರಲ್ಲೇ ಇಬ್ಬರಿಗೂ ಬೆಳಗಾಗುತ್ತಿತ್ತು.

ಬೇಸಿಗೆಯಲ್ಲಿ ನಾವು ಹಿತ್ತಲಲ್ಲಿ ಕೂತು ಹಪ್ಪಳ ಮಾಡುತ್ತಿದ್ದೆವು. ಅತ್ತೆಯ ಲಟ್ಟಣಿಗೆಗೆ ಹಪ್ಪಳ ಚಂದ್ರನಂತೆ ಗುಂಡಗೆ ಬರುತ್ತಿತ್ತು, ನನ್ನದಕ್ಕೆ ಮೂಲೆಗಳು. “ಇದೇನೇ ಇದು, ಹಪ್ಪಳವೋ ಮೈಸೂರು ಜಿಲ್ಲೆ ನಕ್ಷೆಯೋ?” ಎಂದು ಅತ್ತೆ ಎತ್ತಿ ತೋರಿಸಿದರೆ, ಮೇಡಮ್ಮ ಗೋಡೆಯಾಚೆ ನಿಂತು ನಡುವೆ ಒತ್ತಬೇಡ, ಅಂಚಿಗೆ ಒತ್ತು ಎಂದು ಗಾಳಿಯಲ್ಲೇ ಕೈಯಾಡಿಸಿ ತೋರಿಸುತ್ತಿದ್ದರು. ಅತ್ತೆಯ ಕೈಯನ್ನು ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಒಂದು ಡಿಸೆಂಬರಿನಲ್ಲಿ ಅವರು ನನ್ನನ್ನು ಗೋಡೆಯ ಹತ್ತಿರ ಕರೆದರು. ಬೇರೆ ಕ್ರಿಶ್ಚಿಯನ್ನರ ಹಬ್ಬ ಮುಗಿದು ಹನ್ನೆರಡು ದಿನಕ್ಕೆ ಅವರ ಹಬ್ಬ. ಅದಕ್ಕೆ ಅವರ ತೆಳ್ಳನೆಯ ರೊಟ್ಟಿ ಆಗಬೇಕು. ಒಮ್ಮೆಗೇ ರಾಶಿ ಸುಟ್ಟು, ಒಣಗಿಸಿ, ಬಟ್ಟೆ ಸುತ್ತಿಟ್ಟು, ಬೇಕಾದಾಗ ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಂಡು ತಿಂಗಳುಗಟ್ಟಲೆ ತಿನ್ನುವ ರೊಟ್ಟಿ. ಕಷ್ಟವೇನೆಂದರೆ ಅದು ಒಬ್ಬರ ಕೈಯಲ್ಲಿ ಆಗುವುದಿಲ್ಲ. ಒಬ್ಬರು ಲಟ್ಟಿಸಬೇಕು, ಒಬ್ಬರು ದಿಂಬಿನ ಮೇಲೆ ಎಳೆದು ಹರಡಿ ಕಾದ ಬಾಣಲೆಯ ಬೆನ್ನಿಗೆ ಹಾಕಬೇಕು, ಒಬ್ಬರು ಉರಿ ನೋಡಿಕೊಂಡು ಎತ್ತಬೇಕು. ಅಜ್ಜಿಯ ಮನೆಯಲ್ಲಿ ಆ ದಿನ ಅತ್ತೆ, ಸೊಸೆ, ನೆರೆಯವರೆಲ್ಲ ಕೂತರೆ ಸಂಜೆಯವರೆಗೆ ಮಾತೇ ಮಾತು. ಹೊಸ ಸೊಸೆ ಹೊಸಿಲು ದಾಟುವಾಗ ಅತ್ತೆ ಅವಳ ಹೆಗಲ ಮೇಲೆ ಹೊದಿಸುವುದೂ ಇದೇ ರೊಟ್ಟಿಯನ್ನಂತೆ. ಗಂಡ ಹೋದ ಮೇಲೆ ಮೇಡಮ್ಮ ಅದನ್ನು ಮಾಡಿಯೇ ಇರಲಿಲ್ಲ.

“ನಾಳಿದ್ದು ಮದ್ಯಾನ ಬತ್ತೀಯಾ? ನಿಮ್ಮತ್ತೇರ್ನೂ ಕರ್ಕೊಂಡ್ ಬಾ. ಅವ್ರ ಕೈ ಬಾಳ ಚೆಂದ. ನೀವಿಬ್ರು ಬಂದ್ರೆ ಮೂವರಾಯ್ತೀವಿ ಕಣವ್ವ.”

ಆಗಲಿ ಎಂದೆ.

ಎಂದವಳು ಅತ್ತೆಯ ಹತ್ತಿರ ಬಾಯಿ ಬಿಡಲಿಲ್ಲ. ಇವತ್ತು ಸುಳ್ಳು ಹೇಳಿ ಏನಾಗಬೇಕು? ಆ ಬಾಣಲೆಯಲ್ಲಿ ಏನೇನು ಬೆಂದಿದೆಯೋ, ಅಲ್ಲಿ ಹೋದರೆ ತಿನ್ನು ಎನ್ನುತ್ತಾರೋ, ಬೀದಿಯವರು ಕಂಡರೆ ಏನೆಂದಾರೋ... ಹೇಸಿಗೆ ನನ್ನದು, ಹೆದರಿಕೆ ನನ್ನದು. ಬಿ.ಎ. ಮಾಡಿದವಳು ಅದನ್ನು ಒಪ್ಪಿಕೊಳ್ಳುವುದು ಹೇಗೆ? ಆ ದಿನ ಬೆಳಿಗ್ಗೆ ಗೋಡೆಯ ಹತ್ತಿರ ಹೋಗಿ, “ಅತ್ತೆ ಒಪ್ಪಲಿಲ್ಲ ಮೇಡಮ್ಮ. ಮಡಿ ನೋಡಿ... ನನ್ನನ್ನೂ ಹೋಗಬೇಡ ಅಂದುಬಿಟ್ರು” ಎಂದೆ. ಅತ್ತೆಯ ಮಡಿ ನನಗೆ ಅಷ್ಟು ಅನುಕೂಲವಾಗಿ ಒದಗಿದ್ದು ಅದೇ ಮೊದಲು.

ಅವರ ಎರಡು ಕೈಗೂ ಮೊಣಕೈವರೆಗೆ ಹಿಟ್ಟು ಮೆತ್ತಿತ್ತು. ಮೂವರಿಗೆ ಆಗುವಷ್ಟು ಹಿಟ್ಟು ಆಗಲೇ ಕಲಸಿಟ್ಟಿದ್ದರು. ನಮ್ಮ ಮನೆಯ ಕಡೆ ಒಮ್ಮೆ ನೋಡಿ, “ಓಗ್ಲಿ ಬುಡವ್ವ” ಎಂದು ಒಳಗೆ ಹೋದರು.

ಮಧ್ಯಾಹ್ನ ಗೋಡೆಯಾಚೆ ಹೊಗೆ ಎದ್ದಿತು. ಮೂರು ಕಲ್ಲಿನ ಮೇಲೆ ಬಾಣಲೆ ಕವುಚಿ, ಹಿಪ್ಪುನೇರಳೆ ಕಡ್ಡಿ ಉರಿ ಹಾಕಿ ಒಬ್ಬರೇ ಶುರುಮಾಡಿದ್ದರು. ಲಟ್ಟಿಸುವಷ್ಟರಲ್ಲಿ ಉರಿ ಆರುತ್ತಿತ್ತು, ಉರಿ ನೋಡುವಷ್ಟರಲ್ಲಿ ಬಾಣಲೆಯ ಮೇಲಿನದು ಸೀಯುತ್ತಿತ್ತು. ಅತ್ತೆ ಹಿತ್ತಲ ಕಟ್ಟೆಯ ಮೇಲೆ ಕೂತು ನೋಡುತ್ತ, “ಒಬ್ಬರೇ ಏನೋ ಒದ್ದಾಡ್ತಿದಾರಲ್ಲೇ ಪಾಪ” ಎಂದರು. ನಾನು ಕೇಳಿಸದವಳಂತೆ ಒಳಗೆ ಹೋದೆ. ಸಂಜೆಗೆ ಉಳಿದ ಹಿಟ್ಟನ್ನು ಬುಟ್ಟಿಯಲ್ಲಿ ತುಂಬಿ ಮೊಸರಿನವಳ ಹಸುವಿಗೆ ಕೊಟ್ಟು ಕಳಿಸಿದರು.

ಮರುದಿನ ಅತ್ತೆ ಎಂದಿನಂತೆ “ಏನ್ರೀ ಮೇಡಮ್ಮ?” ಎಂದರು. ಅವರು ತಲೆ ತಗ್ಗಿಸಿ ಒಳಗೆ ಹೋದರು. ಅದರ ಮರುದಿನವೂ ಅಷ್ಟೇ. ಅತ್ತೆ ಬರುತ್ತಾರೆ ಎಂದು ಗೊತ್ತಾದರೆ ಹಿತ್ತಲಿಗೇ ಬರುತ್ತಿರಲಿಲ್ಲ. “ಯಾಕೇ, ನನ್ನ ಕಂಡ್ರೆ ಹೀಗೆ ಮುಖ ತಪ್ಪಿಸ್ತಾರೆ?” ಎಂದು ಅತ್ತೆ ಕೇಳಿದರು. ನನಗೇನು ಗೊತ್ತು ಎಂದೆ. ಸ್ವಲ್ಪ ದಿನ ನೋಡಿ ಅತ್ತೆಯೂ ಮಾತಾಡಿಸುವುದು ಬಿಟ್ಟರು. ತುಳಸಿಗೆ ನೀರು ಹಾಕಿ ಸುಮ್ಮನೆ ಬರುತ್ತಿದ್ದರು.

ಮಾರನೆಯ ವರ್ಷ ಮೇಡಮ್ಮ ಊರು ಬಿಟ್ಟರು. ಕಲ್ಕತ್ತೆಯಲ್ಲಿ ಅವರ ಮಂದಿಯ ವೃದ್ಧಾಶ್ರಮವಿದೆಯಂತೆ. ಮೈಸೂರು ಬಸ್ಸಿಗೆ ಹೊರಟವರು ನಮ್ಮ ಬಾಗಿಲಿಗೆ ಬಂದರು, ಹೊಸಿಲು ದಾಟಲಿಲ್ಲ. ಅತ್ತೆ ದೇವರಮನೆಯಲ್ಲಿದ್ದರು. “ಓಯ್ತೀನಿ ಕಣವ್ವ. ನಿಮ್ಮತ್ತೇರ್ನ ಕರೀಬ್ಯಾಡ. ನಾ ಅವ್ರನ್ನ ಕರೆದಿದ್ದೇ ತಪ್ಪಾಯ್ತು, ಮನಸ್ಸಿಗೆ ಇಟ್ಕೋಬ್ಯಾಡಿ ಅಂತ ಯೋಳು...” ಎಂದರು. ಆಗಲೂ ನಾನು ಹೇಳಬಹುದಿತ್ತು. ಆಗಲಿ ಎಂದಷ್ಟೇ ಅಂದೆ.

ಆ ಬೇಸಿಗೆಯಲ್ಲಿ ಹಪ್ಪಳಕ್ಕೆ ಕೂತಾಗ ಅತ್ತೆ ಖಾಲಿ ಮನೆಯ ಕಡೆ ನೋಡಿ ತಾವಾಗಿಯೇ ಮಾತು ತೆಗೆದರು. “ಎಂಥ ಕೈಯೇ ಅದು! ಅವತ್ತು ಒಬ್ಬರೇ ಆ ರೊಟ್ಟಿ ಎಳೀತಿದ್ರಲ್ಲ, ಒಂದು ಮಾತು ಕರೆದಿದ್ರೆ ಹೋಗ್ತಿದ್ದೆ.”

“ನಿಮ್ಮ ಮಡಿ?” ಎಂದೆ.

“ಹಸೀ ಹಿಟ್ಟು ಲಟ್ಟಿಸೋದಕ್ಕೆ ಎಂಥ ಮಡಿಯೇ? ಬೆಂದ ಮೇಲೆ ತಾನೆ ಮುಸುರೆ. ಬಂದು ಎರಡು ಚೆಂಬು ನೀರು ಹುಯ್ಕೊಂಡಿದ್ರೆ ಆಗ್ತಿತ್ತು. ಅವರು ಕರೀಲಿಲ್ಲ, ಏನ್ಮಾಡೋದು.”

ಮುಂದೆ ಹತ್ತು ವರ್ಷ ಅತ್ತೆ ಇದ್ದರು. ಹಾಸಿಗೆ ಹಿಡಿದ ಮೇಲೆ ಹಳೆಯದೆಲ್ಲ ನೆನಪಾಗುತ್ತಿತ್ತು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ನನ್ನ ಕೈ ಹಿಡಿದು, “ಆ ಮೇಡಮ್ಮನಿಗೆ ನಾನೇನು ಮಾಡಿದ್ದೆನೇ?” ಎಂದು ಕೇಳಿದರು.

ಗೊತ್ತಿಲ್ಲ ಅತ್ತೆ, ಎಂದೆ.

ಈಗ ಇಬ್ಬರೂ ಇಲ್ಲ. ಕಲ್ಕತ್ತೆಯ ವಿಳಾಸ ನನ್ನ ಹತ್ತಿರ ಯಾವತ್ತೂ ಇರಲಿಲ್ಲ, ಅವರು ಎಂದು ತೀರಿಕೊಂಡರೋ ತಿಳಿಯದು; ನನಗೇ ಇಷ್ಟು ವಯಸ್ಸಾಗಿರುವಾಗ ಅವರು ಇರಲಾರರು. ಆರತಕ್ಷತೆಯಿಂದ ಬಂದಾಗಿನಿಂದ ಯಾರಿಗಾದರೂ ಹೇಳಬೇಕು ಎಂದು ಸಂಕಟಪಡುತ್ತಿದ್ದೇನೆ. ಹೇಳಬೇಕಾದವರು ಇಬ್ಬರೇ ಇದ್ದರು, ಒಂದು ಗೋಡೆಯ ಆಚೆ ಈಚೆ. ಮೇಡಮ್ಮ, ಅತ್ತೆ ನಿಮ್ಮನ್ನು ಬೇಡ ಅನ್ನಲಿಲ್ಲ. ಅತ್ತೆ, ಅವರು ನಿಮ್ಮನ್ನು ಕರೆದಿದ್ದರು.